ಕೋಣೆಯ ಗೋಡೆ ಸರಿಸಲು ಸ್ಕೆಚ್‌ಅಪ್ ಸಾಕಾ, ರೆವಿಟ್ ಬೇಕಾ?

ಸ್ಕೆಚ್‌ಅಪ್, ರೆವಿಟ್ ಎರಡೂ ಕಂಪ್ಯೂಟರ್‌ನಲ್ಲಿ ಮನೆಯ 3ಡಿ ಮಾದರಿ ಮಾಡುವ ಸಾಫ್ಟ್‌ವೇರ್‌ಗಳು. ಅಂಥ ಮಾದರಿಯಲ್ಲಿ 10x12 ಅಡಿಯ ಬೆಡ್‌ರೂಮನ್ನು 12x12 ಮಾಡಬೇಕು ಅಂದುಕೊಳ್ಳಿ.

ಸ್ಕೆಚ್‌ಅಪ್‌ನಲ್ಲಿ ಕೋಣೆ ಬರೀ ಡಬ್ಬಿಯಂತಿದ್ದರೆ ಪುಶ್-ಪುಲ್ ಟೂಲ್‌ನಿಂದ ಒಂದು ಮುಖ (ಬದಿ) ಎಳೆದು 2 ಅಡಿ ಅಂತ ಟೈಪ್ ಮಾಡಿದರೆ ಮುಗೀತು. ಗೋಡೆಗೆ ದಪ್ಪ ಕೊಟ್ಟಿದ್ದರೆ ಹಾಗೆ ಎಳೆದಾಗ ಗೋಡೆಯೇ ದಪ್ಪಗಾಗುತ್ತದೆ. ಗೋಡೆಯನ್ನು ಗ್ರೂಪ್ ಮಾಡದೆ (ಅಂದರೆ ಬೇರೆ ಗುಂಪಾಗಿ ಕಟ್ಟಿಡದೆ) ಮೂವ್ ಮಾಡಿದರೆ ಅಂಟಿಕೊಂಡ ಪಕ್ಕದ ಕೋಣೆಯೂ ಸೊಟ್ಟಗಾಗುತ್ತದೆ!

ರೆವಿಟ್‌ಗೆ ಗೋಡೆ ಅಂದರೆ ಗೋಡೆಯೇ, ಸುಮ್ನೆ ಗೆರೆಗಳ ಗುಂಪಲ್ಲ. ಗೋಡೆ ಆರಿಸಿ, ಪಕ್ಕದಲ್ಲಿ ಕಾಣುವ ಅಳತೆಯನ್ನು ತಿದ್ದಿ. ಗೋಡೆ ಸರಿಯುತ್ತದೆ, ಅದರಲ್ಲಿರುವ ಬಾಗಿಲೂ ಜೊತೆಗೇ ಬರುತ್ತದೆ, ಕೂಡಿಕೊಂಡ ಗೋಡೆಗಳು ಉದ್ದವಾಗುತ್ತವೆ. ರೂಮ್ ಟ್ಯಾಗ್‌ನಲ್ಲಿ (ಪ್ಲಾನ್ ಮೇಲೆ ಕೋಣೆಯ ವಿವರ ತೋರಿಸುವ ಚೀಟಿ) ವಿಸ್ತೀರ್ಣವೂ ತಾನಾಗಿ ಬದಲಾಗುತ್ತದೆ. ನನಗೆ ಇದು ತುಂಬಾ ಇಷ್ಟ.

ಮನೆಯವರಿಗೆ ಐಡಿಯಾ ತೋರಿಸೋಕೆ ಸ್ಕೆಚ್‌ಅಪ್ ತಗೊಳ್ಳಿ. ಪ್ಲಾನ್ ಪದೇಪದೇ ಬದಲಾಗುತ್ತಿದ್ದರೆ ರೆವಿಟ್ಟೇ ಸರಿ. ಅದು ವಿಂಡೋಸ್‌ಗೆ ಮಾತ್ರ. ಹಾಲ್-ಅಡುಗೆಮನೆ ಮಧ್ಯೆ ಗೋಡೆ ಇಲ್ಲದಿದ್ದರೆ ರೆವಿಟ್‌ನಲ್ಲಿ ರೂಮ್ ಸೆಪರೇಟರ್ ಗೆರೆ (ಕೋಣೆಗಳ ಗಡಿ ಗುರುತಿಸುವ ಗೆರೆ) ಎಳೆಯಿರಿ, ಇಲ್ಲದಿದ್ದರೆ ಅದು ಎರಡನ್ನೂ ಒಂದೇ ಕೋಣೆ ಅಂತ ಲೆಕ್ಕ ಹಾಕುತ್ತದೆ.