ಎರಡು ಚಕ್ರದ ಟ್ರಾಲಿ ಬ್ಯಾಗೇ ನನಗೆ ಸಾಕು

ಸ್ಯಾಂಪಲ್ ತುಂಬಿಕೊಂಡು ಊರೂರು ತಿರುಗುವುದು ನನ್ನ ಕೆಲಸ. ಹಾಗಾಗಿ ಬ್ಯಾಗ್ ವಿಷಯದಲ್ಲಿ ನನ್ನ ತಕರಾರು ಸ್ವಲ್ಪ ಜಾಸ್ತಿ. ಈ ಸಲ ತೆಗೆದುಕೊಂಡಿದ್ದು ಬಟ್ಟೆಯ, ಎರಡು ಚಕ್ರದ ಟ್ರಾಲಿ. "ನಾಲ್ಕು ಚಕ್ರದ್ದು ತಗೊಳ್ಳಿ ಮೇಡಂ, ಈಗ ಎಲ್ಲರೂ ಅದನ್ನೇ ಕೇಳೋದು" ಅಂದರು ಅಂಗಡಿಯವರು. ನುಣ್ಣನೆ ನೆಲದ ಮೇಲೆ ಅದು ಸೊಗಸು, ನಿಜ. ಆದರೆ ಬಸ್ಸಿನಲ್ಲಿ ಬ್ರೇಕ್ ಬಿದ್ದರೆ ನಮ್ಮನ್ನು ಕೇಳದೇ ಮುಂದಕ್ಕೆ ಹೊರಟುಬಿಡುತ್ತದೆ! ಎರಡು ಚಕ್ರದ್ದು ನಿಲ್ಲಿಸಿದ ಕಡೆ ನಿಲ್ಲುತ್ತದೆ. ಜಲ್ಲಿ ದಾರಿಯಲ್ಲೂ ಎಳೆಯಬಹುದು, ಸದ್ದು ಮಾತ್ರ ಜೋರು.

ಈ ಬ್ಯಾಗ್ ಹುಟ್ಟಿದ ಕಥೆಯೂ ಮಜವಾಗಿದೆ. ಅಮೆರಿಕದ ಬರ್ನಾರ್ಡ್ ಸ್ಯಾಡೋ 1970ರಲ್ಲಿ ಸೂಟ್‌ಕೇಸಿಗೆ ನಾಲ್ಕು ಚಕ್ರ ಹಾಕಿ, ಪಟ್ಟಿ ಕಟ್ಟಿ ಎಳೆದರು. 1972ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಮೊದಮೊದಲು ದೊಡ್ಡ ಅಂಗಡಿಗಳು ಬೇಡ ಅಂದವು. ಗಂಡಸಾದವನು ಪೆಟ್ಟಿಗೆ ಹೊರಬೇಕು, ಹೆಂಡತಿಯದ್ದನ್ನೂ ಅವನೇ ಹೊರುತ್ತಾನೆ, ಎಳೆದುಕೊಂಡು ಯಾರು ಹೋಗುತ್ತಾರೆ ಅನ್ನುವುದು ಆಗಿನವರ ಲೆಕ್ಕ. ಚಕ್ರ ಸಾವಿರಾರು ವರ್ಷದಿಂದ ಇತ್ತು, ಅಡ್ಡ ಬಂದಿದ್ದು ಗಂಡಸರ ಬಿಗುಮಾನ! ಹೆಂಗಸರು ಒಬ್ಬರೇ ಪ್ರಯಾಣ ಮಾಡುವುದು ಹೆಚ್ಚಿದಂತೆ ಆ ಲೆಕ್ಕವೂ ಸಡಿಲವಾಯಿತು.

ನನ್ನ ಬ್ಯಾಗಿನ ಈ ರೂಪ ಬಂದದ್ದು 1987ರಲ್ಲಿ. ರಾಬರ್ಟ್ ಪ್ಲಾತ್ ಅನ್ನುವ ಪೈಲಟ್ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಎರಡು ಚಕ್ರ, ಮೇಲೆ ಉದ್ದದ ಹಿಡಿ ಇಟ್ಟರು. ಮೊದಲು ಮಾರಿದ್ದು ವಿಮಾನ ಸಿಬ್ಬಂದಿಗೆ. ಯೂನಿಫಾರಂ ಹಾಕಿದವರು ಅದನ್ನು ಆರಾಮಾಗಿ ಎಳೆದುಕೊಂಡು ಹೋಗುವುದನ್ನು ನೋಡಿ ಪ್ರಯಾಣಿಕರೂ ನಮಗೂ ಬೇಕು ಅಂದರು. ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ?

ಇನ್ನು ನನ್ನ ಬ್ಯಾಗಿನ ಗುಣದೋಷ. ಜಿಪ್ ಗಟ್ಟಿ. ಹಿಡಿ ಪೂರ್ತಿ ಎಳೆದರೆ ಲಟಲಟ ಅಲ್ಲಾಡುತ್ತದೆ, ಎತ್ತರದವರಿಗೆ ಉದ್ದವೂ ಸಾಲದು. ನನಗೆ ತುಂಬಾ ಹಿಡಿಸಿದ್ದು ಚಕ್ರ ಕೂರಿಸಿರುವ ರೀತಿ. ರಿವೆಟ್ ಹೊಡೆದಿಲ್ಲ, ಸ್ಕ್ರೂ ಹಾಕಿದ್ದಾರೆ. ಸವೆದರೆ ಬಿಚ್ಚಿ ಬೇರೆ ಹಾಕಬಹುದು. ನನ್ನ ಹಳೇ ಬ್ಯಾಗಿನಲ್ಲಿ ಒಂದು ಚಕ್ರ ಸವೆದಿದ್ದಕ್ಕೆ ಇಡೀ ಬ್ಯಾಗನ್ನೇ ಎಸೆಯಬೇಕಾಯಿತು. ಕಂಪನಿಯವರು ಬಿಡಿಭಾಗ ಸಿಗಲ್ಲ, ಹೊಸದು ತಗೊಳ್ಳಿ ಅಂದಿದ್ದರು.

ದಿನಾ ಮೆಟ್ಟಿಲು ಹತ್ತುವವರು ಮಾತ್ರ ಅಂಗಡಿಯಲ್ಲೇ ಖಾಲಿ ಬ್ಯಾಗನ್ನು ಒಮ್ಮೆ ಎತ್ತಿ ನೋಡಿ. ಚಕ್ರ, ಹಿಡಿ, ಒಳಗಿನ ಕಂಬಿ ಎಲ್ಲ ಸೇರಿ ಖಾಲಿ ಇದ್ದಾಗಲೇ ತೂಕ ಚೆನ್ನಾಗಿದೆ.