ಯುಂಕರ್ಸ್ ಯು 88 ಎ-4, 1:72 ಕಿಟ್: ದಾವಣಗೆರೆ ಬಿಸಿಲಲ್ಲಿ ಕೂಡಿಸುವವರಿಗೆ

ಇದು ಎರಡನೇ ಮಹಾಯುದ್ಧದ ಯು 88 ವಿಮಾನದ ಎ-4 ಎಂಬ ರೂಪವನ್ನು 72ನೇ ಒಂದು ಪಾಲಿನ ಅಳತೆಯಲ್ಲಿ ಅಂಟಿಸಿ ಕೂಡಿಸುವ ಪ್ಲಾಸ್ಟಿಕ್ ಮಾದರಿ. ಪೆಟ್ಟಿಗೆ ತೆರೆದವರು ಮೊದಲು ಗಾಜಿನ ಭಾಗಗಳನ್ನು (ತಿಳಿ ಪ್ಲಾಸ್ಟಿಕ್‌ನವು) ಬೆಳಕಿಗೆ ಹಿಡಿದು ನೋಡಿ. ಜೀರುಂಡೆ ಕಣ್ಣಿನಂಥ ಆ ಮೂತಿಯಲ್ಲೇ ಈ ಜರ್ಮನ್ ಬಾಂಬರ್‌ನ ಚೆಲುವಿರೋದು. ಈ ಕಿಟ್‌ನಲ್ಲಿ ಗಾಜು ತಿಳಿಯಾಗಿದೆ, ಪಟ್ಟಿಗಳ ಅಂಚು ಚೂಪಾಗಿದೆ, ಮಾಸ್ಕಿಂಗ್ ಟೇಪ್ ಚೆನ್ನಾಗಿ ಕೂರುತ್ತದೆ. ಸೂಪರ್ ಗ್ಲೂ ಮಾತ್ರ ಹತ್ತಿರಕ್ಕೂ ತರಬೇಡಿ, ಅದರ ಆವಿ ತಗುಲಿದರೆ ಗಾಜು ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ. ಬಿಳಿ ಫೆವಿಕಾಲ್ ಸಾಕು. ಒಣಗಿದ ಮೇಲೆ ಕಾಣುವುದಿಲ್ಲ.

ಮೂತಿಯಡಿ ತೊಟ್ಟಿಲಿನಂತೆ ಉಬ್ಬಿರುವ ಗೊಂಡೋಲಾ ಬಲಕ್ಕೆ ಸರಿದಿದೆ. ಅಚ್ಚಿನ ದೋಷವೆಂದು ಅರ ಹಿಡಿಯಬೇಡಿ, ನಿಜವಾದ ವಿಮಾನವೇ ಹಾಗಿತ್ತು. ಎಂಜಿನ್ ವಿಷಯವೂ ಅಷ್ಟೇ: ಮುಂಭಾಗ ಗುಂಡಗಿದ್ದರೂ ಒಳಗಿರುವುದು ಸಿಲಿಂಡರ್‌ಗಳನ್ನು ಸುತ್ತಲೂ ಜೋಡಿಸಿದ ರೇಡಿಯಲ್ ಎಂಜಿನ್ ಅಲ್ಲ, ಹನ್ನೆರಡು ಸಿಲಿಂಡರ್‌ಗಳನ್ನು ವಿ ಆಕಾರದಲ್ಲಿ ತಲೆಕೆಳಗಾಗಿ ಜೋಡಿಸಿದ ಯುಮೋ 211. ಮುಂದೆ ಕಾಣುವುದು ಬಳೆಯಾಕಾರದ ರೇಡಿಯೇಟರ್. ಅಲ್ಲಿಗೆ ಮಂಕು ಲೋಹದ ಬಣ್ಣ ಹಾಕಿ ತೆಳುವಾಗಿ ಕಪ್ಪು ವಾಶ್ (ನೀರಾಗಿ ಕಲಸಿದ ಬಣ್ಣ) ಬಿಡಿ.

ರೆಕ್ಕೆಗೆ ಸ್ಕೇಲ್ ಇಡಿ. ಎ-4ರ ರೆಕ್ಕೆ 20.08 ಮೀಟರ್, ಅಂದರೆ ತುದಿಯಿಂದ ತುದಿಗೆ 27.9 ಸೆಂ.ಮೀ. ಬರಬೇಕು. ಇಲ್ಲಿ ಸರಿಯಾಗಿ ಬಂದಿದೆ. 25.5 ಬಂದರೆ ಅದು ಹಳೆಯ ಎ-1ರ ಗಿಡ್ಡ ರೆಕ್ಕೆ. 1936ರ ಡಿಸೆಂಬರ್ 21ರಂದು ಮೊದಲು ಹಾರಿದಾಗ ಇದು ವೇಗವನ್ನೇ ನೆಚ್ಚಿದ ಬಾಂಬರ್. ಆಮೇಲೆ ಡೈವ್ ಬಾಂಬಿಂಗೂ (ಕಡಿದಾಗಿ ಕೆಳಕ್ಕೆರಗಿ ಬಾಂಬ್ ಹಾಕುವುದು) ಮಾಡಬೇಕೆಂದು ಹಟ ಹಿಡಿದರು. ಬ್ರೇಕ್ ಬಂತು, ಮೈ ಗಟ್ಟಿ ಮಾಡಿದರು, ತೂಕ ಏರಿತು, ವೇಗ ಇಳಿಯಿತು. ರೆಕ್ಕೆಯಡಿಯ ಆ ಡೈವ್ ಬ್ರೇಕ್ ಕಿಟ್‌ನಲ್ಲಿ ಪ್ರತ್ಯೇಕ ಭಾಗವಾಗಿಯೇ ಇದೆ. ಮುಂದೆ ಹಲವು ವಿಮಾನಗಳಲ್ಲಿ ಅದನ್ನು ಕಳಚಿದ್ದರಿಂದ ಬಿಟ್ಟರೂ ತಪ್ಪಲ್ಲ.

ಕೊರತೆ ಇರುವುದು ರೆಕ್ಕೆಯ ಬುಡದಲ್ಲಿ. ಒಡಲಿನ ಎರಡು ಹೋಳು ಒಳಕ್ಕೆ ಬಾಗಿವೆ, ಹಾಗಾಗಿ ಮೇಲ್ಗಡೆ ಅರ್ಧ ಮಿ.ಮೀ. ಸಂದು ಉಳಿಯುತ್ತದೆ. ಪುಟ್ಟಿ ತುಂಬಿ ಉಜ್ಜಿದರೆ ಪಕ್ಕದ ಗೆರೆಗಳೂ ಅಳಿಸಿಹೋಗುತ್ತವೆ. ಅದಕ್ಕಿಂತ ಹೋಳು ಮುಚ್ಚುವ ಮೊದಲೇ ಉಳಿದ ಸ್ಪ್ರೂ (ಭಾಗಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಚೌಕಟ್ಟು) ತುಂಡೊಂದನ್ನು ಒಳಗೆ ಅಡ್ಡಕೊಟ್ಟು ಅಂಟಿಸಿ. ಒಡಲು ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಬಾಲದ ಚಕ್ರದ ವಿಮಾನವಾದ್ದರಿಂದ ಮೂತಿಗೆ ತೂಕ ತುಂಬುವ ಕೆಲಸವಿಲ್ಲ.

ಬಣ್ಣದ ಹೊತ್ತಿಗೆ ನಮ್ಮೂರ ಹವೆ ಕಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಅಕ್ರಿಲಿಕ್ ಬಣ್ಣ ಏರ್‌ಬ್ರಷ್ ಸೂಜಿಯ ತುದಿಯಲ್ಲೇ ಒಣಗಿ, ಮೈಮೇಲೆ ರವೆ ಉದುರಿದಂತೆ ತರಿತರಿಯಾಗಿ ಕೂರುತ್ತದೆ. ಬೆಳಗ್ಗೆ ಎಂಟರೊಳಗೆ ಮುಗಿಸಿ. ಬಣ್ಣ, ಥಿನ್ನರ್ ಸಮಸಮ, ಜೊತೆಗೆ ಬಣ್ಣ ಬೇಗ ಒಣಗದಂತೆ ತಡೆಯುವ ರಿಟಾರ್ಡರ್ ಎರಡು ಹನಿ, ಒತ್ತಡ 15ರಿಂದ 18 ಪಿಎಸ್ಐ. ಮೇಲ್ಗಡೆಯ ಎರಡು ಹಸಿರುಗಳ ನಡುವೆ ವ್ಯತ್ಯಾಸ ತೀರಾ ಸಣ್ಣದು, ಬೇಕೆಂದೇ ಒಂದನ್ನು ತುಸು ತಿಳಿ ಮಾಡಿಕೊಳ್ಳಿ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ನೆನೆಸಲು ಬೋರ್‌ವೆಲ್ ನೀರು ಬೇಡ, ಗಡಸು ನೀರು ಆರಿದ ಮೇಲೆ ಅಂಚಿನಲ್ಲಿ ಬಿಳಿ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದರೆ ಹತ್ತು ಕಿಟ್‌ಗೆ ಬರುತ್ತದೆ.

ಇದೇ ಪೆಟ್ಟಿಗೆಯಿಂದ ಯು 88ರ ಜಿ-1 ಎಂಬ ರಾತ್ರಿ ಕಾದಾಟದ ವಿಮಾನ ಮಾಡುವ ಆಸೆ ಬೇಡ. ರೇಡಾರ್ ಆಂಟೆನಾ ತಂತಿಯಲ್ಲಿ ಮಾಡಿಕೊಳ್ಳಬಹುದು, ಆದರೆ ಅದರ ಎಂಜಿನ್ ಬಿಎಂಡಬ್ಲ್ಯೂ 801, ನೆಟ್ಟ ಬಾಲ ಯು 188 ಎಂಬ ಮುಂದಿನ ವಿಮಾನದ ಚೌಕ ಬಾಲ. ಅವೆರಡೂ ಇದರಲ್ಲಿಲ್ಲ, ಅದಕ್ಕೆ ಬೇರೆ ಕಿಟ್ಟೇ ತರಿಸಬೇಕು.