ಮೂರನೇ ಸಲ ನೋಡಿ ಮುಗಿಸಿದ 'ಜಸ್ಟಿಫೈಡ್'

ತಲೆ ಮೇಲೆ ಕೌಬಾಯ್ ಹ್ಯಾಟು, ಸೊಂಟದಲ್ಲಿ ಪಿಸ್ತೂಲು. ಅಮೆರಿಕದ ಈ ಟಿವಿ ಸರಣಿಯನ್ನು ಮೊದಲ ಸಲ ಢಿಶುಂ ಢಿಶುಂ ನೋಡೋಣ ಅಂತಲೇ ಹಾಕಿಕೊಂಡು ಕೂತಿದ್ದೆ. ಎಂಟು ವರ್ಷದಲ್ಲಿ ಈಗ ಮೂರನೇ ಸುತ್ತು ಮುಗಿಯಿತು. ಹಾರಿದ ಗುಂಡುಗಳು ಅಷ್ಟಾಗಿ ನೆನಪಿಲ್ಲ, ಆಡಿದ ಮಾತುಗಳು ಮಾತ್ರ ತಲೆಯಿಂದ ಹೋಗಿಲ್ಲ.

ನಾಯಕನ ಪಾತ್ರ ಲೇಖಕ ಎಲ್ಮೋರ್ ಲೆನರ್ಡ್ ಅವರದು. 1950ರ ದಶಕದಲ್ಲಿ ಪಲ್ಪ್ ಪತ್ರಿಕೆಗಳಿಗೆ (ಅಗ್ಗದ ಜನಪ್ರಿಯ ಕಥಾಪತ್ರಿಕೆಗಳು) ಕೌಬಾಯ್ ಕಥೆ ಬರೆಯುತ್ತಾ ಬೆಳೆದು, ಆಮೇಲೆ ಕ್ರೈಂ ಕಾದಂಬರಿಗೆ ಹೊರಳಿದವರು. ಅವರ ಮಾರ್ಷಲ್ (ಅಮೆರಿಕದ ಕೇಂದ್ರ ಸರ್ಕಾರದ ಪೊಲೀಸ್ ಅಧಿಕಾರಿ) ರೇಲನ್ ಗಿವನ್ಸ್ ಮಯಾಮಿಯಲ್ಲಿ ಒಬ್ಬನಿಗೆ ಊರು ಬಿಡಲು 24 ಗಂಟೆ ಗಡುವು ಕೊಟ್ಟು, ಬಿಡದಿದ್ದಾಗ ಗುಂಡು ಹೊಡೆಯುತ್ತಾನೆ. ಶಿಕ್ಷೆ ಏನು ಗೊತ್ತಾ? ಕೆಂಟಕಿಗೆ ವರ್ಗ. ಯಾವ ಹಾರ್ಲನ್ ಕಲ್ಲಿದ್ದಲು ಸೀಮೆಯಿಂದ ತಪ್ಪಿಸಿಕೊಂಡು ಹೋಗಿದ್ದನೋ ಅಲ್ಲಿಗೇ ವಾಪಸ್.

ಅಲ್ಲಿ ಪಾತಕಿ ಬಾಯ್ಡ್ ಕ್ರೌಡರ್ ಸಿಗುತ್ತಾನೆ. ಹರೆಯದಲ್ಲಿ ಇಬ್ಬರೂ ಒಟ್ಟಿಗೆ ಗಣಿಯಲ್ಲಿ ದುಡಿದವರು. ಈ ಬಾಯ್ಡ್ ಮೊದಲ ಕಂತಿನಲ್ಲೇ ಸಾಯಬೇಕಿತ್ತಂತೆ. ಪ್ರಸಾರಕ್ಕೆ ಮುಂಚೆ ನೋಡಿದವರಿಗೆ ಆ ಪಾತ್ರ ಮಾಡಿದ ವಾಲ್ಟನ್ ಗಾಗಿನ್ಸ್ ತುಂಬಾ ಹಿಡಿಸಿದ್ದರಿಂದ ಉಳಿದುಕೊಂಡ. ಉಳಿಯದಿದ್ದರೆ 78 ಕಂತು ಎಳೆಯೋದಕ್ಕೆ ಏನಿರುತ್ತಿತ್ತು?

(ಕಥೆ ಮೊದಲೇ ಗೊತ್ತಾಗಬಾರದು ಅನ್ನುವವರು ಮುಂದಿನ ಪ್ಯಾರಾ ಬಿಡಿ.)

ಎರಡನೇ ಸೀಸನ್ ಶುರುವಿನಲ್ಲಿ ಮ್ಯಾಗ್ಸ್ ಎಂಬ ಅಂಗಡಿಯಮ್ಮ ಬರುತ್ತಾಳೆ. ಪೊಲೀಸರಿಗೆ ಸುಳಿವು ಕೊಟ್ಟವನನ್ನು ಕೂರಿಸಿಕೊಂಡು, ಒಂದೇ ಜಾರಿನಿಂದ ಇಬ್ಬರಿಗೂ ಕಳ್ಳಭಟ್ಟಿ ಬಗ್ಗಿಸುತ್ತಾಳೆ. ತಾನೂ ಕುಡಿಯುತ್ತಾಳೆ. ವಿಷ ಇದ್ದಿದ್ದು ಜಾರಿನಲ್ಲಲ್ಲ, ಅವನ ಲೋಟದಲ್ಲಿ! ಆಮೇಲೆ ಸಾಯುತ್ತಿರುವವನ ಕೈ ಹಿಡಿದು, ಪಕ್ಕದ ಮನೆ ಅಜ್ಜಿಯ ಹಾಗೆ ಸಮಾಧಾನ ಹೇಳುತ್ತಾಳೆ. ಈ ಸಲ ಆ ಲೋಟದ ಮೇಲಿಂದ ಕಣ್ಣು ಕೀಳಲಿಲ್ಲ. ಆದರೂ ಹೊಟ್ಟೆಯಲ್ಲಿ ತಳಮಳ. ಮ್ಯಾಗ್ಸ್ ಪಾತ್ರ ಮಾಡಿದ ಮಾರ್ಗೊ ಮಾರ್ಟಿಂಡೇಲ್‌ಗೆ 2011ರಲ್ಲಿ ಎಮ್ಮಿ ಟಿವಿ ಪ್ರಶಸ್ತಿ ಬಂದಿದ್ದು ಸುಮ್ನೆ ಅಲ್ಲ.

ತಕರಾರೂ ಇದೆ. ಮೊದಲ ಸೀಸನ್‌ನಲ್ಲಿ ಐದಾರು ಕಂತು ವಾರಕ್ಕೊಂದು ಕೇಸು ಅಂತ ಸಾಗುತ್ತವೆ, ತಾಳ್ಮೆ ಬೇಕು. ಐದನೇ ಸೀಸನ್ ಎಳೆದಾಟ. ಅದರ ವಿಲನ್‌ಗಳು ಫ್ಲೋರಿಡಾದಿಂದ ಬಂದವರು, ಹಾರ್ಲನ್ ಮಣ್ಣಿಗೆ ಅಂಟುವುದೇ ಇಲ್ಲ. ಕೆಂಟಕಿ ಉಚ್ಚಾರಣೆಗೆ ಸಬ್‌ಟೈಟಲ್ ಹಾಕಿಕೊಳ್ಳಲೇಬೇಕು. ಎರಡನೇ ಸುತ್ತಿನಲ್ಲಿ ನಾನು ನೋಡುತ್ತಿದ್ದ ಓಟಿಟಿ, ನಾಲ್ಕನೇ ಸೀಸನ್ ಅರ್ಧದಲ್ಲಿದ್ದಾಗ ಇಡೀ ಸರಣಿಯನ್ನೇ ತೆಗೆದುಬಿಟ್ಟಿತು. ವರ್ಷದ ಚಂದಾ ಕಟ್ಟಿ ಎರಡು ವಾರವೂ ಆಗಿರಲಿಲ್ಲ!

2023ರಲ್ಲಿ ರೇಲನ್‌ನನ್ನು ಡೆಟ್ರಾಯಿಟ್‌ಗೆ ಕಳಿಸಿ ಎಂಟು ಕಂತಿನ ಇನ್ನೊಂದು ಸರಣಿ ಮಾಡಿದರು. ಹ್ಯಾಟು ಅದೇ, ನಡಿಗೆ ಅದೇ, ಊರು ಮಾತ್ರ ಬೇರೆ. ಅದನ್ನು ಒಂದೇ ಸಲ ನೋಡಿದೆ.